ಸ್ಪೇನಿನ ಹಳೆಯ ಬೆಳ್ಳಿ ನಾಣ್ಯ: ಅಸಲಿ ಯಾವುದು, ನಕಲಿ ಯಾವುದು?



ಹಡಗುಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಯುವಕರು ಅಮೆರಿಕ, ಕ್ಯಾರಿಬಿಯನ್ ಬಂದರುಗಳಿಂದ 'ಮುಳುಗಿದ ಹಡಗಿನ ನಾಣ್ಯ' ಎಂದು ನಂಬಿ ಬೆಳ್ಳಿ ನಾಣ್ಯಗಳನ್ನು ಕೊಂಡು ತರುವುದುಂಟು. ಇವುಗಳಲ್ಲಿ ಕೆಲವು ನಿಜವಾಗಿಯೂ ಬೆಲೆಬಾಳುತ್ತವೆ. ಉಳಿದವು ಪ್ರವಾಸಿಗರಿಗೆಂದೇ ತಯಾರಾದ ತವರದ ಬಿಲ್ಲೆಗಳು. ತಿಂಗಳ ಸಂಬಳವನ್ನೇ ಇದಕ್ಕೆ ಸುರಿಯುವ ಮೊದಲು ಕೆಲವು ವಿಷಯಗಳನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಈ ನಾಣ್ಯದ ಹೆಸರು ಎಂಟು ರಿಯಾಲ್. ಮೆಕ್ಸಿಕೊ ನಗರದ ಟಂಕಸಾಲೆಯಲ್ಲಿ 1536ರಿಂದ ನಾಣ್ಯ ತಯಾರಿಕೆ ಆರಂಭವಾಯಿತು. ನಂತರ ಪೆರುವಿನ ಲಿಮಾ ಮತ್ತು ಇಂದಿನ ಬೊಲಿವಿಯಾದಲ್ಲಿರುವ ಪೊಟೊಸಿಯಲ್ಲಿಯೂ ಟಂಕಸಾಲೆಗಳು ತೆರೆದವು. ಈ ಬೆಳ್ಳಿ ಮನಿಲಾ ಮಾರ್ಗವಾಗಿ ಚೀನಾಕ್ಕೂ, ಯುರೋಪಿನ ಕಂಪೆನಿಗಳ ಹಡಗುಗಳಲ್ಲಿ ಭಾರತಕ್ಕೂ ಬಂತು. ನಮ್ಮಲ್ಲಿಗೆ ಬಂದದ್ದರಲ್ಲಿ ಬಹುಪಾಲನ್ನು ಕರಗಿಸಿ ರೂಪಾಯಿ ಮಾಡಲಾಯಿತು.

ಮೊದಲ ಕಾಲದ ನಾಣ್ಯಗಳನ್ನು ಬೆಳ್ಳಿಯ ಗಟ್ಟಿಯಿಂದ ತುಂಡು ಕತ್ತರಿಸಿ, ತೂಕಕ್ಕೆ ಸರಿಯಾಗಿ ಅಂಚನ್ನು ಕಡಿದು, ಸುತ್ತಿಗೆಯಿಂದ ಅಚ್ಚೊತ್ತಿ ಮಾಡುತ್ತಿದ್ದರು. ಆದ್ದರಿಂದ ಅವು ವಕ್ರವಾಗಿಯೇ ಇರುತ್ತವೆ. ಮೇಲಿನ ಶಿಲುಬೆಯ ಗುರುತು ಅರ್ಧ ಮಾತ್ರ ಕಂಡರೂ ಆಶ್ಚರ್ಯವಿಲ್ಲ. ಇಂತಹ ಎರಡು ನಾಣ್ಯಗಳು ಪೂರ್ತಿ ಒಂದೇ ರೀತಿ ಇರಲು ಸಾಧ್ಯವಿಲ್ಲ. ಒಂದೇ ಅಂಗಡಿಯಲ್ಲಿ ಒಂದೇ ಬಿರುಕು, ಒಂದೇ ಸೊಟ್ಟ ಇರುವ ಎರಡು ನಾಣ್ಯಗಳು ಕಂಡರೆ ಎರಡೂ ಎರಕ ಹೊಯ್ದವು ಎಂದೇ ತಿಳಿಯಿರಿ.

1732ರಲ್ಲಿ ಮೆಕ್ಸಿಕೊದಲ್ಲಿ ಯಂತ್ರದಿಂದ ದುಂಡಗಿನ ನಾಣ್ಯ ಒತ್ತಲು ತೊಡಗಿದರು. 1772ರವರೆಗಿನ ಇಂತಹ ನಾಣ್ಯಗಳಲ್ಲಿ ಎರಡು ಕಂಬಗಳು, ಅವುಗಳ ನಡುವೆ ಎರಡು ಭೂಗೋಳಗಳು, ಸುತ್ತ 'ಉತ್ರಾಕ್ವೆ ಊನುಮ್', ಅಂದರೆ 'ಎರಡೂ ಒಂದೇ' ಎಂಬ ಲ್ಯಾಟಿನ್ ಬರಹ ಇವೆ. (ಎಫೆಸಿಯರಿಗೆ ಬರೆದ ಪತ್ರದ ಲ್ಯಾಟಿನ್ ಪಾಠದಲ್ಲಿಯೂ ಈ ಎರಡು ಪದಗಳು ಬರುತ್ತವೆ.) 1772ರಿಂದ ರಾಜನ ಮುಖ ಬಂತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನೋಡಲು ತಪ್ಪಾಗಿ ಕಾಣುವುದೆಲ್ಲ ನಕಲಿಯಲ್ಲ. ಮೂರನೆಯ ಕಾರ್ಲೋಸ್ 1788ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಹೊಸ ರಾಜನ ಚಿತ್ರ ಅಮೆರಿಕದಲ್ಲಿ ಇರಲಿಲ್ಲ. ಹಾಗಾಗಿ 1789 ಮತ್ತು 1790ರ ನಾಣ್ಯಗಳಲ್ಲಿ ಹೆಸರು ಮಗನದು, ಮುಖ ತಂದೆಯದು! ಮುಂದೆ ನಾಲ್ಕನೆಯ ಕಾರ್ಲೋಸನ ನಾಣ್ಯಗಳಲ್ಲಿ ನಾಲ್ಕು ಎಂಬುದನ್ನು ನಾಲ್ಕು ಗೀಟುಗಳಿಂದಲೇ ಬರೆಯಲಾಗಿದೆ. ಅದೂ ಸರಿಯೇ.

ನಕಲಿ ಮಾಡುವವರು ಹೆಚ್ಚಾಗಿ ಎಡವುವುದು ಅಂಚಿನಲ್ಲಿ. ಕಂಬದ ನಾಣ್ಯದ ಅಂಚಿನಲ್ಲಿ ಎಲೆಗಳ ಸಾಲಿದೆ. ರಾಜನ ಮುಖದ ನಾಣ್ಯದಲ್ಲಿ ಒಂದು ವೃತ್ತ, ಒಂದು ಆಯತ ಎಂಬಂತೆ ಸಾಲು ಸಾಗುತ್ತದೆ. ಎರಡು ಪಟ್ಟಿಗಳ ನಡುವೆ ಬಿಲ್ಲೆಯನ್ನು ಉರುಳಿಸಿ ಈ ವಿನ್ಯಾಸ ಮೂಡಿಸುತ್ತಿದ್ದುದರಿಂದ, ಎದುರುಬದುರು ಎರಡು ಕಡೆ ಅದು ಒಂದರ ಮೇಲೊಂದು ಬಿದ್ದಿರುತ್ತದೆ. ನಮ್ಮ ಹಳೆಯ ರೂಪಾಯಿಯಂತೆ ಬರೇ ಗೀರುಗಳ ಅಂಚಿದ್ದರೆ, ಅಥವಾ ಸುತ್ತಲೂ ಎರಕದ ಗೆರೆ ಕಂಡರೆ, ಕೊಳ್ಳಬೇಡಿ. ಭೂತಗನ್ನಡಿಯಲ್ಲಿ ನೋಡುವಾಗ ಸಣ್ಣ ಗುಳಿಗಳು, ಸಾಬೂನು ಸವೆದಂತೆ ಮೊಂಡಾದ ಅಕ್ಷರಗಳು ಎರಕದ ಲಕ್ಷಣ. ಆದರೆ ಸಮುದ್ರದಲ್ಲಿ ಬಿದ್ದಿದ್ದ ಅಸಲಿ ನಾಣ್ಯದಲ್ಲಿಯೂ ಉಪ್ಪು ತಿಂದ ಗುಳಿಗಳಿರುತ್ತವೆ. ಆದುದರಿಂದ ಒಂದೇ ಗುರುತನ್ನು ನಂಬಿ ತೀರ್ಮಾನಿಸಬಾರದು.

ಇನ್ನು ತೂಕ. ಯಂತ್ರದ ನಾಣ್ಯದ ನಿಗದಿತ ತೂಕ 27.07 ಗ್ರಾಂ, ಸವೆದದ್ದು ಸ್ವಲ್ಪ ಕಡಿಮೆ ಇರಬಹುದು. ತೂಕವನ್ನಷ್ಟೇ ಸರಿಮಾಡುವುದು ನಕಲಿಯವರಿಗೆ ಕಷ್ಟವಲ್ಲ. ಅದಕ್ಕೆ ನೀರಿನ ಪರೀಕ್ಷೆ ಮಾಡಿ. ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು, ಅಂಕಿಯನ್ನು ಸೊನ್ನೆಗೆ ತಂದು, ನಾಣ್ಯವನ್ನು ನೂಲಿನಲ್ಲಿ ಕಟ್ಟಿ ತಳ ಮುಟ್ಟದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಪೂರ್ಣ ತೂಕದ ಬೆಳ್ಳಿ ನಾಣ್ಯವಾದರೆ ತಕ್ಕಡಿ ಸುಮಾರು 2.6 ಗ್ರಾಂ ತೋರಿಸುತ್ತದೆ. ಅಷ್ಟೇ ತೂಕದ ಹಿತ್ತಾಳೆಗೆ ಸುಮಾರು 3.2, ತವರಕ್ಕೆ 3.7 ಬರುತ್ತದೆ. ಅಯಸ್ಕಾಂತಕ್ಕೆ ಅಂಟಿಕೊಂಡರೆ ನೀರಿನವರೆಗೆ ಹೋಗಬೇಕಾಗಿಯೇ ಇಲ್ಲ. ಚಿನ್ನದಂಗಡಿಯ ಕ್ಯಾರೆಟ್ ಮೀಟರ್ ಮೇಲ್ಪದರವನ್ನು ಮಾತ್ರ ಓದುತ್ತದೆ. ಬೆಳ್ಳಿಯ ಲೇಪ ಅದನ್ನೂ ಮೋಸಗೊಳಿಸಬಲ್ಲದು. ಬೆಳ್ಳಿಯಿಂದಲೇ ಮಾಡಿದ ನಕಲಿಗಳೂ ಇವೆ, ಆಗ ಅನುಭವಿ ನಾಣ್ಯತಜ್ಞರೇ ಬೇಕು.

ಪ್ರಮಾಣಪತ್ರ ಇದೆ ಎಂದ ಮಾತ್ರಕ್ಕೆ ಮರುಳಾಗಬೇಡಿ. 'ಅಟೋಚಾ' ಹಡಗು ಫ್ಲಾರಿಡಾ ಬಳಿ ಮುಳುಗಿದ್ದು 1622ರಲ್ಲಿ. ಅದರ ಮುಖ್ಯ ಸಂಪತ್ತು ದೊರೆತದ್ದು 1985ರಲ್ಲಿ. ಕಂಬದ ನಾಣ್ಯವನ್ನೋ ರಾಜನ ಮುಖದ ನಾಣ್ಯವನ್ನೋ ತೋರಿಸಿ ಅಟೋಚಾದ್ದು ಎಂದರೆ, ನೂರು ವರ್ಷ ನಂತರದ ನಾಣ್ಯ ಆ ಹಡಗಿಗೆ ಹೇಗೆ ಬಂತು ಎಂದು ಕೇಳಿ. ಪತ್ರದಲ್ಲಿ ಚಿತ್ರವಿದ್ದರೆ ಪ್ರತಿ ಗುಳಿಯನ್ನೂ ಹೋಲಿಸಿ ನೋಡಿ.

ಮನೆಯಲ್ಲಿ ಈಗಾಗಲೇ ಇಂತಹ ನಾಣ್ಯವಿದ್ದರೆ ದಯವಿಟ್ಟು ಹುಣಸೆಹುಳಿ, ಹಲ್ಲುಪುಡಿ ಹಾಕಿ ಉಜ್ಜಬೇಡಿ. ಕಪ್ಪು ಹೋಗುವುದರೊಂದಿಗೆ ಬೆಲೆಯೂ ಹೋಗುತ್ತದೆ. ನೂರು ವರ್ಷ ಮೀರಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪುರಾತನ ವಸ್ತುವಾಗಿದ್ದು, ಅದನ್ನು ಅನುಮತಿಯಿಲ್ಲದೆ ದೇಶದಿಂದ ಹೊರಗೆ ಕೊಂಡೊಯ್ಯುವಂತಿಲ್ಲ ಎಂಬುದು ವಿದೇಶದಲ್ಲಿ ಮಾರಲು ಯೋಚಿಸುವವರ ಗಮನದಲ್ಲಿರಲಿ.