ಹತ್ತು ಲಕ್ಷ ಮೇಲ್, ಒಂದು ಜೊತೆ ಕಣ್ಣು

ಅಮೆರಿಕದ ಎನ್‌ರಾನ್ ಕಂಪನಿ 2001ರ ಡಿಸೆಂಬರಿನಲ್ಲಿ ದಿವಾಳಿಯಾಯಿತು. ತನಿಖೆಯ ಭಾಗವಾಗಿ ಅಲ್ಲಿನ ಇಂಧನ ನಿಯಂತ್ರಣ ಆಯೋಗ ಕಂಪನಿಯ ಈಮೇಲ್‌ಗಳನ್ನು ಬಹಿರಂಗಪಡಿಸಿತು. ಸಂಶೋಧಕರು ಅವನ್ನು ಸೋಸಿ ಜೋಡಿಸಿದಾಗ ಸಿಕ್ಕ ಕಂತೆಯಲ್ಲಿ ಸುಮಾರು 150 ಜನರ 5 ಲಕ್ಷದಷ್ಟು ಮೇಲ್‌ಗಳಿದ್ದವು. ಒಂದೊಂದಕ್ಕೂ ಅರ್ಧ ನಿಮಿಷ ಕೊಟ್ಟು, ದಿನಕ್ಕೆ 8 ಗಂಟೆ ಕೂತು ಓದಿದರೂ ಮುಗಿಸಲು 520 ದಿನ ಬೇಕು. ರಜೆಗಳನ್ನು ಕಳೆದರೆ ಎರಡು ವರ್ಷದ ನೌಕರಿ.

ಆ ಕಂತೆಯನ್ನು ಸಿದ್ಧಪಡಿಸಿದ್ದು ಕಾಲೋ ಎಂಬ ಯೋಜನೆಯವರು. ಕಚೇರಿಯವರ ಮೇಲ್ ವಿಂಗಡಿಸುವ, ಮೀಟಿಂಗ್ ಗೊತ್ತುಮಾಡುವ, ಕೆಲಸ ಮಾಡುತ್ತಲೇ ಕಲಿಯುವ ಯಂತ್ರ ಸಹಾಯಕವೊಂದನ್ನು ಕಟ್ಟುವುದು ಅವರ ಗುರಿ. 2003ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಹಣ ಕೊಟ್ಟಿತು, ಎಸ್‌ಆರ್‌ಐ ಇಂಟರ್‌ನ್ಯಾಷನಲ್ ಎಂಬ ಸಂಶೋಧನಾ ಸಂಸ್ಥೆ ಮುಂದೆ ನಿಂತಿತು, 300ಕ್ಕೂ ಹೆಚ್ಚು ಸಂಶೋಧಕರು ಐದು ವರ್ಷ ದುಡಿದರು. ಐಫೋನಿನ ಸಿರಿ ಆ ಬಳ್ಳಿಯ ಕುಡಿ. ಮೇಲ್ ಓದಿ ಕ್ಯಾಲೆಂಡರ್ ನೋಡಿಕೊಳ್ಳುವ ಯಂತ್ರ ನಿನ್ನೆ ಮೊನ್ನೆ ಹೊಳೆದ ಯೋಚನೆಯಲ್ಲ. ಎರಡು ದಶಕದ ಹಿಂದೆಯೇ ಒಂದು ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಇದಕ್ಕೆ ಹಣ ಸುರಿಯುವಷ್ಟು ಸಂಗತಿ ಗಂಭೀರವಾಗಿತ್ತು.

ಈಗ ಬೇರೊಂದು ಲೆಕ್ಕ ನೋಡಿ. ಮೈಕ್ರೋಸಾಫ್ಟ್ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅದರ ತಂತ್ರಾಂಶ ಬಳಸುವ ಉದ್ಯೋಗಿಯೊಬ್ಬರಿಗೆ ದಿನಕ್ಕೆ ಸರಾಸರಿ 117 ಮೇಲ್ ಬರುತ್ತವೆ. ವರ್ಷಕ್ಕೆ 250 ಕೆಲಸದ ದಿನವೆಂದರೆ 29,250. ಮೂವತ್ತೈದು ವರ್ಷದ ನೌಕರಿಯಲ್ಲಿ ಹತ್ತು ಲಕ್ಷಕ್ಕೂ ಮೀರಿತು. ತನಿಖೆಗೆ ಗುರಿಯಾದ ಒಂದು ದೈತ್ಯ ಕಂಪನಿಯ 150 ಜನರ ಕಂತೆಯ ಎರಡರಷ್ಟು ಕಾಗದ ಇವತ್ತು ಒಬ್ಬ ಸಾಮಾನ್ಯ ಉದ್ಯೋಗಿಯ ತಲೆಯ ಮೇಲೆ ಬೀಳುತ್ತದೆ! ಈ ಗುಣಾಕಾರ ಮಾಡಿದ ಮೇಲೆ, ಮೇಲ್‌ಗೆ ತಡವಾಗಿ ಉತ್ತರಿಸುವವರನ್ನು ಸೋಮಾರಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇಷ್ಟೂ ಜರಡಿ ಹಿಡಿದ ಮೇಲೆ ಉಳಿದದ್ದು. ಜಿಮೇಲ್ ಒಂದೇ ದಿನಕ್ಕೆ ಸುಮಾರು 1,500 ಕೋಟಿ ಬೇಡದ ಮೇಲ್‌ಗಳನ್ನು ಬಾಗಿಲಲ್ಲೇ ತಡೆಯುತ್ತದೆ ಎಂದು ಗೂಗಲ್ ಹೇಳುತ್ತದೆ. ಭೂಮಿಯ ಮೇಲಿನ ಪ್ರತಿ ಮನುಷ್ಯಜೀವಕ್ಕೆ, ತೊಟ್ಟಿಲ ಕೂಸನ್ನೂ ಸೇರಿಸಿ, ಹೆಚ್ಚುಕಡಿಮೆ ಎರಡೆರಡು.

ಯಂತ್ರಕ್ಕೆ ಈ ರಾಶಿ ಎಷ್ಟರದು? 2024ರಲ್ಲಿ ಬಂದ ಗೂಗಲ್‌ನ ಜೆಮಿನೈ 1.5 ಎಂಬ ಎಐ ಮಾದರಿ ಸುಮಾರು 7 ಲಕ್ಷ ಇಂಗ್ಲಿಷ್ ಪದಗಳನ್ನು ಒಂದೇ ಸಲಕ್ಕೆ ಮುಂದಿಟ್ಟುಕೊಳ್ಳಬಲ್ಲದಾಗಿತ್ತು. ಮೇಲ್ ಒಂದಕ್ಕೆ 100 ಪದವೆಂದು ಹಿಡಿದರೆ, ಅದು 60 ಕೆಲಸದ ದಿನಗಳ ಅಂಚೆ. ಅಂದರೆ ಹತ್ತಿರ ಹತ್ತಿರ ಮೂರು ತಿಂಗಳದ್ದು. ಓದುವ ಶ್ರಮ ಎಂಬುದೇ ಲೆಕ್ಕದಿಂದ ಹೊರಗೆ ಹೋಯಿತು.

ತಪ್ಪು ಮಾತ್ರ ಹೊರಗೆ ಹೋಗಲಿಲ್ಲ. ಸಾವಿರಕ್ಕೆ ಒಂದೇ ಒಂದು ಮೇಲ್ ಅನ್ನು ತಪ್ಪಾಗಿ ವಿಂಗಡಿಸುವ ಸಹಾಯಕ ಇದೆ ಎಂದುಕೊಳ್ಳಿ. ಯಾವ ಗುಮಾಸ್ತನೂ ಅಷ್ಟು ಅಚ್ಚುಕಟ್ಟಾಗಿರಲಾರ. ಆದರೂ ವರ್ಷಕ್ಕೆ 29 ಮೇಲ್ ತಪ್ಪು ಮೂಲೆ ಸೇರುತ್ತವೆ. ಅದು ಬರೀ ವಿಂಗಡಿಸುತ್ತಿದ್ದರೆ ಹುಡುಕಿ ತೆಗೆಯಬಹುದು. ನಮ್ಮ ಹೆಸರಿನಲ್ಲಿ ಉತ್ತರ ಕಳಿಸಲು, ಅಳಿಸಲು ಅನುಮತಿ ಕೊಟ್ಟಿದ್ದರೆ 29 ಸಣ್ಣ ಸಂಖ್ಯೆಯಲ್ಲ. 2025ರಲ್ಲಿ ಎಕೋಲೀಕ್ ಎಂಬ ದೋಷ ಬಯಲಾದಾಗ ತಿಳಿದದ್ದು ಇನ್ನೂ ಗಾಬರಿಯ ಸಂಗತಿ: ಹೊರಗಿನವರು ಒಂದೇ ಒಂದು ಮೇಲ್‌ನಲ್ಲಿ ಸೂಚನೆಯನ್ನು ಹುದುಗಿಸಿಟ್ಟರೆ, ಮೈಕ್ರೋಸಾಫ್ಟಿನ ಯಂತ್ರ ಸಹಾಯಕ ಕೋಪೈಲಟ್ ಅದನ್ನು ಪಾಲಿಸಿ ಒಳಗಿನ ಮಾಹಿತಿಯನ್ನು ಹೊರಗೆ ದಾಟಿಸುವಂತೆ ಮಾಡಬಹುದಿತ್ತು. ಮೇಲ್ ಪಡೆದವರು ಏನನ್ನೂ ಒತ್ತಬೇಕಿರಲಿಲ್ಲ. ಕಂಪನಿ ಅದನ್ನು ಸರಿಪಡಿಸಿತು. ಎಲ್ಲವನ್ನೂ ಓದುವ ಸಹಾಯಕ ಕಳ್ಳನ ಕಾಗದವನ್ನೂ ಓದುತ್ತದೆ, ಆದ್ದರಿಂದ ಕಳಿಸುವ ಮತ್ತು ಅಳಿಸುವ ಗುಂಡಿ ಮನುಷ್ಯರ ಕೈಯಲ್ಲೇ ಇರಬೇಕು ಎಂಬುದು ನನ್ನ ನಿಲುವು.

ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸಿದ್ದು ಮೀಟಿಂಗಿನ ಗಣಿತ. ವಾರದ 40 ಗಂಟೆಯಲ್ಲಿ ಅರ್ಧ ಗಂಟೆಯ 80 ಸ್ಲಾಟ್‌ಗಳಿವೆ. ಪ್ರತಿಯೊಬ್ಬರೂ ಅರ್ಧ ಹೊತ್ತು ಬಿಡುವಾಗಿದ್ದಾರೆ, ಒಬ್ಬರ ಬಿಡುವಿಗೂ ಇನ್ನೊಬ್ಬರದಕ್ಕೂ ಸಂಬಂಧವಿಲ್ಲ ಎಂದಿಟ್ಟುಕೊಳ್ಳಿ. ಇಬ್ಬರು ಸೇರಲು 20 ಸ್ಲಾಟ್ ಸಿಗುತ್ತವೆ. ನಾಲ್ವರಿಗೆ 5. ಎಂಟು ಜನಕ್ಕೆ? ಪ್ರತಿ ಸ್ಲಾಟಿನಲ್ಲೂ ಎಲ್ಲರೂ ಬಿಡುವಾಗಿರುವ ಸಂಭವ 256ರಲ್ಲಿ ಒಂದು. ಮೂರು ವಾರ ಕಾದರೆ ಒಂದು ಅರ್ಧ ಗಂಟೆ ಸಿಕ್ಕೀತು, ಅಷ್ಟೇ. ಎಂಟು ಜನ ಅರ್ಧ ದಿನ ಖಾಲಿಯೇ ಇದ್ದರೂ!

ಹಾಗಾಗಿ ಸಹಾಯಕ ಬಿಡುವನ್ನು ಹುಡುಕಿದರೆ ಸಾಲದು, ಯಾರದೋ ಕೆಲಸವನ್ನು ಸರಿಸಬೇಕು. ಒಬ್ಬರು ಮಾತ್ರ ಅಡ್ಡಬರುವ ಸ್ಲಾಟ್‌ಗಳು ಎಷ್ಟೆಂದು ಅದೇ ಲೆಕ್ಕದಲ್ಲಿ ನೋಡಿದರೆ ವಾರಕ್ಕೆ ಎರಡೋ ಮೂರೋ ಬರುತ್ತವೆ. ಅವನ್ನು ಯಂತ್ರ ಕ್ಷಣದಲ್ಲಿ ತೆಗೆದುಕೊಡುತ್ತದೆ. ಆ ಒಬ್ಬರು ಯಾರು? ಹೆಚ್ಚು ಸಲ ಜಾಗ ಬಿಟ್ಟುಕೊಟ್ಟವರನ್ನೇ ಮತ್ತೆ ಸರಿಸುವುದು ಯಂತ್ರಕ್ಕೆ ಸುಲಭ, ಏಕೆಂದರೆ ಅವರು ಒಪ್ಪುತ್ತಾರೆಂದು ಹಳೆಯ ದಾಖಲೆಯೇ ಹೇಳುತ್ತದೆ.

ಬೆಂಗಳೂರಿನಲ್ಲಿ ಕೂತು ಕ್ಯಾಲಿಫೋರ್ನಿಯಾದೊಂದಿಗೆ ಕೆಲಸ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಎರಡರ ನಡುವೆ 12 ಗಂಟೆ 30 ನಿಮಿಷದ ಅಂತರ, ಚಳಿಗಾಲದಲ್ಲಿ 13 ಗಂಟೆ 30 ನಿಮಿಷ. ಬೆಳಿಗ್ಗೆ 9ರಿಂದ ಸಂಜೆ 6ರ ಕೆಲಸದ ಹೊತ್ತುಗಳು ವರ್ಷದ ಯಾವ ದಿನವೂ ಒಂದು ನಿಮಿಷವೂ ಒಂದರ ಮೇಲೊಂದು ಬರುವುದಿಲ್ಲ. ಎಷ್ಟೇ ಜಾಣ ಸಹಾಯಕವಾದರೂ ಅಲ್ಲಿ ಸಿಗುವ ಉತ್ತರ ಸೊನ್ನೆ. ಹಳೆಯ ದಾಖಲೆ ನೋಡಿ ಕಲಿಯಲು ಬಿಟ್ಟರೆ ಅದು ನಮ್ಮವರ ರಾತ್ರಿಯನ್ನೇ ಮೀಟಿಂಗಿನ ಹೊತ್ತೆಂದು ಕಲಿಯುತ್ತದೆ. ಅದಕ್ಕೆ ತಂಡದವರು ಎರಡು ಸಾಲಿನ ನಿಯಮ ಬರೆದುಕೊಡಬಹುದು: ಬೇಸಿಗೆಯಲ್ಲಿ ಒಂದು ವಾರ ನಮಗೆ ರಾತ್ರಿ 9:30, ಅವರಿಗೆ ಬೆಳಿಗ್ಗೆ 9. ಮರುವಾರ ನಮಗೆ ಬೆಳಿಗ್ಗೆ 9, ಅವರಿಗೆ ರಾತ್ರಿ 8:30.