ಆರಿದ ಸರದಲ್ಲಿ ಅಡಗಿರುವ 230 ವೋಲ್ಟ್

ಗಣೇಶನ ಹಬ್ಬವಿರಲಿ, ದೀಪಾವಳಿಯಿರಲಿ, ಊರ ಜಾತ್ರೆಯಿರಲಿ, ಪೆಂಡಾಲಿಗೆ 'ಸೀರಿಯಲ್ ಸೆಟ್' ದೀಪಗಳು ಬೇಕೇ ಬೇಕು. ಸಾಲಾಗಿ ಬೆಳಗುತ್ತಿರುವ ಪುಟ್ಟ ಬಲ್ಬುಗಳಲ್ಲಿ ಒಂದು ಸುಟ್ಟುಹೋದರೂ ಇಡೀ ಸರ ಆರಿಬಿಡುತ್ತದೆ. ಆಗ ಯಾರಾದರೊಬ್ಬರು ಸುಟ್ಟ ಬಲ್ಬನ್ನು ಹುಡುಕಲು ಹೊರಡುತ್ತಾರೆ. 'ಇದು ಬರೀ 6 ವೋಲ್ಟಿನ ಬಲ್ಬು, ಸರವೂ ಆರಿದೆ, ಮುಟ್ಟಿದರೆ ಏನಾದೀತು?' ಎಂಬ ಧೈರ್ಯ ಅವರದು.

ಈ ಧೈರ್ಯ ಸರಿಯೇ? ಖಂಡಿತ ಅಲ್ಲ. ಬಲ್ಬು ಉರಿಯುತ್ತಿದ್ದಾಗ ಅದರ ಎರಡು ತುದಿಗಳ ನಡುವೆ ಸುಮಾರು 6 ವೋಲ್ಟ್ ಮಾತ್ರ ಇತ್ತು. ಅದು ಸುಟ್ಟುಹೋದ ಮರುಕ್ಷಣ ಅದೇ ಜಾಗದಲ್ಲಿ 230 ವೋಲ್ಟ್ ಬಂದು ಕೂರುತ್ತದೆ! ಇದು ಹೇಗೆ ಸಾಧ್ಯ ಎಂದು ತಿಳಿಯಲು ಸರಣಿ ಜೋಡಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ.

ಒಂದೇ ದಾರಿ, ಒಂದೇ ಪ್ರವಾಹ

ಒಂದು ಬಲ್ಬಿನ ಕೊನೆಯನ್ನು ಮುಂದಿನ ಬಲ್ಬಿನ ಆರಂಭಕ್ಕೆ ಸೇರಿಸುತ್ತಾ ಹೋದರೆ ಅದು ಸರಣಿ ಜೋಡಣೆ. ಇಲ್ಲಿ ವಿದ್ಯುತ್ ಪ್ರವಾಹಕ್ಕೆ ಇರುವುದು ಒಂದೇ ದಾರಿ. ಕವಲುಗಳಿಲ್ಲ.

ಅನೇಕ ವಿದ್ಯಾರ್ಥಿಗಳು ಇಲ್ಲಿ ಎಡವುತ್ತಾರೆ. ಮೊದಲ ಬಲ್ಬು ಸ್ವಲ್ಪ ಪ್ರವಾಹವನ್ನು 'ಖರ್ಚು' ಮಾಡಿ, ಉಳಿದದ್ದನ್ನು ಮುಂದಿನದಕ್ಕೆ ಕಳಿಸುತ್ತದೆ ಎಂದು ಭಾವಿಸುತ್ತಾರೆ. ಹಾಗಾಗಿದ್ದರೆ ಸರದ ಮೊದಲ ಬಲ್ಬು ಪ್ರಕಾಶಮಾನವಾಗಿಯೂ ಕೊನೆಯದು ಮಂಕಾಗಿಯೂ ಇರಬೇಕಿತ್ತು. ಎಂದಾದರೂ ಹಾಗೆ ಕಂಡಿದ್ದೀರಾ?

ಸೈಕಲ್ಲಿನ ಚೈನನ್ನು ನೆನಪಿಸಿಕೊಳ್ಳಿ. ಪೆಡಲ್ ತುಳಿದಾಗ ಚೈನಿನ ಎಲ್ಲ ಕೊಂಡಿಗಳೂ ಒಟ್ಟಿಗೇ, ಒಂದೇ ವೇಗದಲ್ಲಿ ಸಾಗುತ್ತವೆ. ಎಲ್ಲಿಯಾದರೂ ಒಂದು ಕೊಂಡಿ ಸಿಕ್ಕಿಹಾಕಿಕೊಂಡರೆ ಇಡೀ ಚೈನು ನಿಲ್ಲುತ್ತದೆ. ಮಂಡಲದ ತಂತಿಯಲ್ಲೂ ಇಲೆಕ್ಟ್ರಾನುಗಳು ಮೊದಲೇ ಎಲ್ಲೆಡೆ ತುಂಬಿರುತ್ತವೆ. ಅವು ಎಲ್ಲಿಯೂ ಗುಡ್ಡೆ ಬೀಳುವಂತಿಲ್ಲ, ಎಲ್ಲಿಯೂ ಮಾಯವಾಗುವಂತಿಲ್ಲ. ಆದ್ದರಿಂದ ಸರಣಿ ಮಂಡಲದ ಪ್ರತಿ ಬಿಂದುವಿನಲ್ಲೂ ಪ್ರವಾಹ ಒಂದೇ. ಖರ್ಚಾಗುವುದು ಶಕ್ತಿ, ವಿದ್ಯುದಾವೇಶ ಅಲ್ಲ.

ಹಂಚಿಕೆಯಾಗುವುದು ವಿಭವಾಂತರ

ಪ್ರವಾಹ ಒಂದೇ ಎಂದಾದರೆ ಬಲ್ಬುಗಳ ನಡುವೆ ಹಂಚಿಕೆಯಾಗುವುದು ಏನು? ವಿಭವಾಂತರ. ಜರ್ಮನಿಯಲ್ಲಿ ಶಾಲಾ ಅಧ್ಯಾಪಕರಾಗಿದ್ದ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ನಿಮಗೆ ಗೊತ್ತೇ ಇದೆ:

ವಿಭವಾಂತರ = ಪ್ರವಾಹ × ರೋಧ

1.5 ವೋಲ್ಟಿನ ನಾಲ್ಕು ಟಾರ್ಚ್ ಸೆಲ್ಲುಗಳನ್ನು ಸರಣಿಯಲ್ಲಿಟ್ಟರೆ 6 ವೋಲ್ಟ್ ದೊರೆಯುತ್ತದೆ. ಇದಕ್ಕೆ 10 ಓಮ್ ಮತ್ತು 20 ಓಮ್‌ನ ಎರಡು ರೋಧಕಗಳನ್ನು ಸರಣಿಯಲ್ಲಿ ಜೋಡಿಸಿದ್ದೇವೆ ಎನ್ನಿ. ಒಟ್ಟು ರೋಧ 30 ಓಮ್. ಪ್ರವಾಹ 6 ÷ 30 = 0.2 ಆಂಪಿಯರ್. ಮೊದಲ ರೋಧಕದ ಪಾಲು 0.2 × 10 = 2 ವೋಲ್ಟ್, ಎರಡನೆಯದರದು 0.2 × 20 = 4 ವೋಲ್ಟ್. ಎರಡೂ ಸೇರಿ 6 ವೋಲ್ಟ್. ಪಾಲುಗಳ ಮೊತ್ತ ಯಾವಾಗಲೂ ಆಕರದ ವಿಭವಾಂತರಕ್ಕೆ ಸಮ. ಇದು 1845ರಲ್ಲಿ ಗುಸ್ತಾವ್ ಕಿರ್ಖಾಫ್ ನಿರೂಪಿಸಿದ ನಿಯಮಗಳಲ್ಲಿ ಒಂದು. ಆಗ ಅವರಿನ್ನೂ ವಿದ್ಯಾರ್ಥಿ!

ಒಂದು ಅಂಶವನ್ನು ಚೆನ್ನಾಗಿ ಗಮನಿಸಿ. ಯಾರ ರೋಧ ಹೆಚ್ಚೋ ಅವರಿಗೇ ವಿಭವಾಂತರದ ಹೆಚ್ಚಿನ ಪಾಲು. ಆದ್ದರಿಂದಲೇ 40 ವ್ಯಾಟ್ ಮತ್ತು 100 ವ್ಯಾಟ್‌ಗಳ ಎರಡು ತಂತು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಹೆಚ್ಚು ಬೆಳಗುವುದು 40 ವ್ಯಾಟಿನದು. 230 ವೋಲ್ಟಿನಲ್ಲಿ ಪೂರ್ಣವಾಗಿ ಉರಿಯುವಾಗ ಅದರ ರೋಧ ಸುಮಾರು 1322 ಓಮ್, 100 ವ್ಯಾಟಿನದು 529 ಓಮ್ ಮಾತ್ರ.

ಸರ ಕಡಿದಾಗ ಏನಾಗುತ್ತದೆ?

ಈಗ ಹಬ್ಬದ ಸರಕ್ಕೆ ಬರೋಣ. 6 ವೋಲ್ಟಿನ 40 ಬಲ್ಬುಗಳ ಒಂದು ಸರ ಇದೆ ಎಂದುಕೊಳ್ಳಿ. 230 ವೋಲ್ಟ್ 40 ಬಲ್ಬುಗಳಿಗೆ ಸಮನಾಗಿ ಹಂಚಿಹೋದರೆ ಒಂದೊಂದಕ್ಕೆ 5.75 ವೋಲ್ಟ್.

ಒಂದು ಬಲ್ಬಿನ ತಂತು ತುಂಡಾಯಿತು. ದಾರಿ ಕಡಿಯಿತು. ಪ್ರವಾಹ ಸೊನ್ನೆ. ಉಳಿದ 39 ಬಲ್ಬುಗಳ ಪಾಲನ್ನು ಓಮನ ನಿಯಮದಿಂದಲೇ ಲೆಕ್ಕ ಹಾಕಿ: 0 × ರೋಧ = 0. ಅಂದರೆ ಅವುಗಳಲ್ಲಿ ಯಾವುದಕ್ಕೂ ಒಂದು ವೋಲ್ಟೂ ಇಲ್ಲ. ಆದರೆ ಮೊತ್ತ 230 ಆಗಲೇಬೇಕಲ್ಲ! ಹಾಗಾದರೆ ಅಷ್ಟೂ ಎಲ್ಲಿ ಹೋಯಿತು? ತಂತು ತುಂಡಾದ ಆ ಒಂದು ಬಲ್ಬಿನ ಎರಡು ತುದಿಗಳ ನಡುವೆ. ಇನ್ನೊಂದು ರೀತಿಯಲ್ಲಿ ನೋಡಿದರೂ ಉತ್ತರ ಇದೇ: ಕಡಿದ ಜಾಗದ ರೋಧ ಮಿಕ್ಕೆಲ್ಲದರ ರೋಧಕ್ಕಿಂತ ಅಪಾರವಾಗಿ ಹೆಚ್ಚು, ಆದ್ದರಿಂದ ಹೆಚ್ಚುಕಡಿಮೆ ಪೂರ್ತಿ ಪಾಲು ಅದಕ್ಕೇ.

ಇದನ್ನು ಶಾಲೆಯಲ್ಲೇ ಸುರಕ್ಷಿತವಾಗಿ ಪರೀಕ್ಷಿಸಬಹುದು. ನಾಲ್ಕು ಟಾರ್ಚ್ ಸೆಲ್ಲುಗಳಿಗೆ ಒಂದೇ ಬಗೆಯ ನಾಲ್ಕು ಟಾರ್ಚ್ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ. ಪ್ರತಿ ಬಲ್ಬಿನ ತುದಿಗಳ ನಡುವೆ ವೋಲ್ಟ್‌ಮೀಟರ್ ಸುಮಾರು 1.5 ವೋಲ್ಟ್ ತೋರಿಸುತ್ತದೆ. ಒಂದು ಬಲ್ಬನ್ನು ಹೋಲ್ಡರಿನಿಂದ ತಿರುಗಿಸಿ ತೆಗೆಯಿರಿ. ಈಗ ಉಳಿದ ಮೂರರ ಮೇಲೆ ಮೀಟರು ಸೊನ್ನೆ ತೋರಿಸುತ್ತದೆ. ಖಾಲಿ ಹೋಲ್ಡರಿನ ಮೇಲೆ? ಸುಮಾರು 6 ವೋಲ್ಟ್!

ಫ್ಯೂಸ್ ಕಾಪಾಡುವುದಿಲ್ಲವೇ?

'ನಡುವೆ 39 ಬಲ್ಬುಗಳಿವೆಯಲ್ಲ, ಅವು ಪ್ರವಾಹವನ್ನು ತಡೆಯುವುದಿಲ್ಲವೇ?' ಎಂದು ನೀವು ಕೇಳಬಹುದು. ಲೆಕ್ಕ ಮಾಡಿ ನೋಡೋಣ. ಪ್ರತಿ ಬಲ್ಬಿನ ರೋಧ 60 ಓಮ್ ಎಂದರೆ 39ಕ್ಕೆ 2340 ಓಮ್. ಕೈ ಒದ್ದೆಯಾಗಿದ್ದರೆ ದೇಹದ ರೋಧ ಸುಮಾರು 1000 ಓಮ್‌ಗೆ ಇಳಿಯಬಹುದು. ಕಡಿದ ಜಾಗದ ಎರಡು ತುದಿಗಳನ್ನು ಎರಡು ಕೈಗಳಿಂದ ಮುಟ್ಟಿದವನು ಸರದ ನಲವತ್ತನೆಯ ಬಲ್ಬಾಗುತ್ತಾನೆ! ಒಟ್ಟು ರೋಧ 3340 ಓಮ್, ಪ್ರವಾಹ ಸುಮಾರು 0.07 ಆಂಪಿಯರ್, ಅಂದರೆ 70 ಮಿಲಿಆಂಪಿಯರ್. ತಣ್ಣಗಿರುವ ತಂತುವಿನ ರೋಧ ಇನ್ನೂ ಕಡಿಮೆಯಾದ್ದರಿಂದ ಪ್ರವಾಹ ಇದಕ್ಕಿಂತ ಹೆಚ್ಚೇ ಇರುತ್ತದೆ. ಎದೆಯ ಮೂಲಕ ಹಾಯುವ ಇಷ್ಟು ಪ್ರವಾಹ ಪ್ರಾಣಕ್ಕೇ ಅಪಾಯ.

ಮನೆಯ ಫ್ಯೂಸೂ ಸರಣಿಯಲ್ಲೇ ಇದೆ, ನಿಜ. ಆದರೆ 5 ಆಂಪಿಯರ್ ಮೀರಿದಾಗ ಕರಗಬೇಕಾದ ಫ್ಯೂಸಿಗೆ 0.07 ಆಂಪಿಯರ್ ಯಾವ ಲೆಕ್ಕ? ಅದು ಕಾಪಾಡುವುದು ತಂತಿಗಳನ್ನು, ನಮ್ಮನ್ನಲ್ಲ.

ರಿಪೇರಿಯ ಅಡ್ಡದಾರಿ

ಸುಟ್ಟ ಬಲ್ಬನ್ನು ಕತ್ತರಿಸಿ ತೆಗೆದು, ಎರಡು ತಂತಿಗಳನ್ನು ಹೊಸೆದು ಸರವನ್ನು ಮತ್ತೆ ಉರಿಸುವುದು ಹಲವರ ಅಭ್ಯಾಸ. ಒಂದೆರಡು ಬಲ್ಬುಗಳಾದರೆ ವ್ಯತ್ಯಾಸ ಕಾಣುವುದಿಲ್ಲ. ಹೀಗೆ ಹತ್ತು ಬಲ್ಬುಗಳು ಹೋದವು ಎನ್ನಿ. ಉಳಿದ 30ರಲ್ಲಿ ಒಂದೊಂದರ ಪಾಲು 7.67 ವೋಲ್ಟ್. ರೋಧ ಬದಲಾಗದೆಂದು ಭಾವಿಸಿದರೆ ಪ್ರತಿ ಬಲ್ಬಿನಲ್ಲಿ ಉತ್ಪತ್ತಿಯಾಗುವ ಉಷ್ಣ ಸುಮಾರು 1.8 ಪಟ್ಟು ಆಗುತ್ತದೆ. ಬಲ್ಬುಗಳು ಝಗಮಗಿಸುತ್ತವೆ, ಬೇಗ ಬೇಗ ಸುಡುತ್ತವೆ. ಹೊಸೆದ ತಂತಿಗೆ ನಿರೋಧಕ ಟೇಪು ಸುತ್ತದಿದ್ದರೆ ಇನ್ನೊಂದು ಅಪಾಯ ಸೇರಿಕೊಳ್ಳುತ್ತದೆ.

ಈಗ ತಂತು ಬಲ್ಬುಗಳ ಜಾಗಕ್ಕೆ ಎಲ್‌ಇಡಿ ಸರಗಳು ಬಂದಿವೆ. ಎಲ್‌ಇಡಿ ಓಮನ ನಿಯಮವನ್ನು ಪಾಲಿಸುವುದಿಲ್ಲ. ಬಿಳಿ ಎಲ್‌ಇಡಿಯ ಪಾಲು ಸುಮಾರು 3 ವೋಲ್ಟ್. ಆದರೆ ಪಾಲುಗಳ ಮೊತ್ತದ ನಿಯಮ ಇಲ್ಲೂ ತಪ್ಪದು. ಅಡಾಪ್ಟರ್ ಇಲ್ಲದೆ ನೇರವಾಗಿ 230 ವೋಲ್ಟಿಗೆ ಸಿಕ್ಕಿಸುವ ಸರ ಯಾವುದೇ ಇರಲಿ, ಅದು ಕಡಿದ ಜಾಗ ಅಷ್ಟೇ ಅಪಾಯಕಾರಿ.

ಸ್ವಿಚ್ ಆರಿಸಿದರೆ ಸಾಕೇ? ಸಾಲದು. ಸ್ವಿಚ್ಚೆಂದರೆ ಸರಣಿಯಲ್ಲಿ ನಾವೇ ಬೇಕೆಂದು ಇಟ್ಟ ಕಡಿತ. ಅದು ಫೇಸ್ ತಂತಿಯಲ್ಲಿರಬೇಕು. ವೈರಿಂಗ್ ಮಾಡುವಾಗ ತಪ್ಪಾಗಿ ನ್ಯೂಟ್ರಲ್ ತಂತಿಯಲ್ಲಿಟ್ಟಿದ್ದರೆ, ದೀಪ ಆರಿದ ಮೇಲೂ ಸರವೆಲ್ಲ ಫೇಸಿಗೆ ಅಂಟಿಕೊಂಡೇ ಇರುತ್ತದೆ. ನೆಲದ ಮೇಲೆ ಬರಿಗಾಲಲ್ಲಿ ನಿಂತು ಅದನ್ನು ಮುಟ್ಟಿದರೆ ನಮ್ಮ ದೇಹದ ಮೂಲಕವೇ ದಾರಿ ಪೂರ್ಣವಾಗುತ್ತದೆ. ಆದ್ದರಿಂದ ಸರವನ್ನು ಮುಟ್ಟುವ ಮೊದಲು ಪ್ಲಗ್ಗನ್ನೇ ಸಾಕೆಟ್ಟಿನಿಂದ ಕಿತ್ತು ಹೊರಗಿಡಿ.

ಈಗ ನಿಮಗೊಂದು ಪ್ರಶ್ನೆ. ಮೇಲಿನ 40 ಬಲ್ಬುಗಳ ಸರದಲ್ಲಿ ಒಂದರ ಬದಲು ಎರಡು ಬಲ್ಬುಗಳು ಸುಟ್ಟಿವೆ. ವಿದ್ಯುತ್ತಿಗೆ ಜೋಡಿಸದೆ, ಒಂದು ಟಾರ್ಚ್ ಸೆಲ್, ಒಂದು ಟಾರ್ಚ್ ಬಲ್ಬ್ ಮತ್ತು ಎರಡು ತುಂಡು ತಂತಿಗಳ ನೆರವಿನಿಂದ ಅವುಗಳನ್ನು ಹೇಗೆ ಪತ್ತೆ ಮಾಡುವಿರಿ? ಒಂದು ಸುಳಿವು: ಹಬ್ಬದ ಬಲ್ಬುಗಳನ್ನು ಸರದಿಂದ ಹೊರತೆಗೆದು ಒಂದೊಂದಾಗಿ ಟಾರ್ಚ್ ಬಲ್ಬಿನ ಜೊತೆ ಸರಣಿಯಲ್ಲಿ ಸೇರಿಸಿದರೆ 60 ಓಮ್ ರೋಧದಿಂದಾಗಿ ಟಾರ್ಚ್ ಬಲ್ಬು ಕಣ್ಣಿಗೆ ಕಾಣುವಷ್ಟು ಬೆಳಗದೇ ಇರಬಹುದು. ಆಗ ಸೆಲ್ಲುಗಳ ಸಂಖ್ಯೆಯನ್ನು ಎಷ್ಟಕ್ಕೆ ಏರಿಸಬೇಕು? ಮಂಡಲದ ಚಿತ್ರ ಬರೆದು, ಲೆಕ್ಕ ಹಾಕಿ, ನಿಮ್ಮ ವಿಜ್ಞಾನ ಶಿಕ್ಷಕರೊಂದಿಗೆ ಚರ್ಚಿಸಿ.