ಎರಡು ಅಂಕೆಗಳಲ್ಲಿ ಒಂದು ವಿದ್ಯುನ್ಮಂಡಲ

ಟಾರ್ಚಿನ ಹಳೆಯ ಸೆಲ್ಲುಗಳನ್ನು ಹೊರತೆಗೆದು ವೋಲ್ಟ್‌ಮೀಟರಿನಿಂದ ಅಳೆದರೆ, ಅನೇಕ ವೇಳೆ ಅವುಗಳ ಒತ್ತಡವು ಹೊಸ ಸೆಲ್ಲುಗಳಿಗಿಂತ ಬಹಳ ಕಡಿಮೆಯೇನೂ ಇರುವುದಿಲ್ಲ. ಅವನ್ನೇ ಮರಳಿ ಟಾರ್ಚಿನಲ್ಲಿಟ್ಟು ಗುಂಡಿಯನ್ನೊತ್ತಿದರೆ ದೀಪವು ಮಿಣಮಿಣನೆ ಉರಿಯುವುದು. ಮೀಟರು ಸುಳ್ಳು ಹೇಳಿತೇ? ಇಲ್ಲ, ನಾವು ಕೇಳಿದ ಪ್ರಶ್ನೆಯೇ ಅರ್ಧವಾಗಿತ್ತು. ವಿದ್ಯುತ್ತನ್ನೊದಗಿಸುವ ಮಂಡಲವೊಂದರ ಶಕ್ತಿಯನ್ನರಿಯಲು ಒಂದು ಅಂಕೆ ಸಾಲದು, ಎರಡು ಬೇಕು. ಎರಡಿದ್ದರೆ ಮೂರನೆಯದು ಬೇಡ.

ಈ ತತ್ತ್ವವನ್ನು 1883ರಲ್ಲಿ ಪ್ರಕಟಿಸಿದವರು ಫ್ರಾನ್ಸ್ ದೇಶದ ತಂತಿ ಇಲಾಖೆಯ ಇಂಜಿನಿಯರರಾಗಿದ್ದ ಲೆಯಾನ್ ಥೆವೆನಿನ್. ಅದಕ್ಕೆ ಮೂವತ್ತು ವರ್ಷ ಮೊದಲೇ, 1853ರಲ್ಲಿ, ಜರ್ಮನಿಯ ಹೆಲ್ಮ್‌ಹೋಲ್ಟ್ಸರೂ ಇದನ್ನು ಕಂಡುಹಿಡಿದಿದ್ದರು. ಆದರೆ ಬಳಕೆಯಲ್ಲಿ ನಿಂತುದು ಥೆವೆನಿನ್ನರ ಹೆಸರು. ಬ್ಯಾಟರಿಗಳೂ ರೋಧಕಗಳೂ ಎಷ್ಟೇ ಜಟಿಲವಾಗಿ ಹೆಣೆದುಕೊಂಡಿರಲಿ, ಆ ಜಾಲದಿಂದ ಹೊರಬಂದಿರುವ ಎರಡು ತುದಿಗಳ ಮಟ್ಟಿಗೆ ಅದು ಒಂದೇ ಬ್ಯಾಟರಿಗೂ ಅದರೊಡನೆ ಸಾಲಾಗಿ ಸೇರಿಸಿದ ಒಂದೇ ರೋಧಕಕ್ಕೂ ಸಮನೆಂಬುದೇ ಈ ತತ್ತ್ವದ ಸಾರ.

ಆ ಎರಡು ಅಂಕೆಗಳನ್ನು ಪಡೆಯುವ ಬಗೆ ಹೀಗೆ. ಮೊದಲು ತುದಿಗಳಿಗೆ ಏನನ್ನೂ ಜೋಡಿಸದೆ ಅವುಗಳ ನಡುವಣ ಒತ್ತಡವನ್ನು ಲೆಕ್ಕಮಾಡಬೇಕು. ಇದೇ ತೆರೆದ ಮಂಡಲದ ಒತ್ತಡ. ಆಮೇಲೆ ಒಳಗಿನ ಬ್ಯಾಟರಿಗಳ ಒತ್ತಡವನ್ನೆಲ್ಲ ಸೊನ್ನೆಯೆಂದು ಭಾವಿಸಿ, ತುದಿಗಳಿಂದ ಒಳಗೆ ನೋಡಿದಾಗ ಕಾಣುವ ರೋಧವನ್ನು ಲೆಕ್ಕಹಾಕಬೇಕು. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಒತ್ತಡವನ್ನು ಸೊನ್ನೆಮಾಡುವುದೆಂದರೆ ಬ್ಯಾಟರಿಯನ್ನು ಕಿತ್ತು ಆ ಸ್ಥಳವನ್ನು ಬರಿದಾಗಿ ಬಿಡುವುದಲ್ಲ. ಅಲ್ಲಿ ಬರಿಯ ತಂತಿಯೊಂದನ್ನು ಎಳೆದಂತೆ ಎಣಿಸುವುದು.

ಶ್ರೋತೃಗಳು ಕಾಗದ ಪೆನ್ಸಿಲುಗಳನ್ನು ಹತ್ತಿರವಿಟ್ಟುಕೊಂಡರೆ ಒಂದು ಉದಾಹರಣೆಯನ್ನು ನೋಡೋಣ. 12 ವೋಲ್ಟಿನ ಬ್ಯಾಟರಿಗೆ 6 ಓಮಿನ ರೋಧಕವೊಂದೂ 3 ಓಮಿನ ರೋಧಕವೊಂದೂ ಸಾಲಾಗಿ ಸೇರಿವೆ. 3 ಓಮಿನ ರೋಧಕದ ಎರಡು ಕೊನೆಗಳೇ ನಮ್ಮ ತುದಿಗಳು. ಒಟ್ಟು ರೋಧ 9 ಓಮ್. ಅದರಲ್ಲಿ ಮೂರನೆಯ ಒಂದು ಪಾಲು ನಮ್ಮ ತುದಿಗಳ ನಡುವೆ ಇರುವುದರಿಂದ ತೆರೆದ ಒತ್ತಡ 4 ವೋಲ್ಟ್. ಬ್ಯಾಟರಿಯ ಸ್ಥಳದಲ್ಲಿ ತಂತಿಯನ್ನೆಣಿಸಿದರೆ 6 ಮತ್ತು 3 ಓಮುಗಳು ಸಮಾಂತರವಾಗಿ ನಿಂತು 2 ಓಮ್ ಆಗುವುವು. ಇನ್ನು ಮುಂದೆ ನಮ್ಮ ಪಾಲಿಗೆ ಈ ಮಂಡಲವು 4 ವೋಲ್ಟಿನ ಬ್ಯಾಟರಿ ಹಾಗೂ 2 ಓಮಿನ ರೋಧ, ಇಷ್ಟೇ. ಹೊರಗೆ 2 ಓಮಿನ ಉಪಕರಣವನ್ನು ಜೋಡಿಸಿದರೆ 1 ಆಂಪಿಯರ್ ಹರಿಯುವುದು. 6 ಓಮಿನದನ್ನು ಜೋಡಿಸಿದರೆ ಅರ್ಧ ಆಂಪಿಯರ್. ಪ್ರತಿಸಲವೂ ಮೂಲಮಂಡಲವನ್ನು ಬಿಡಿಸುವ ಶ್ರಮವಿಲ್ಲ.

ಒಳಗೇನಿದೆಯೆಂದು ಕಾಣದಿದ್ದರೂ ಈ ಅಂಕೆಗಳು ದೊರೆಯುವುವು. ನಮ್ಮ ಹಳೆಯ ಸೆಲ್ಲುಗಳ ತೆರೆದ ಒತ್ತಡ 2.8 ವೋಲ್ಟ್ ಎಂದಿಟ್ಟುಕೊಳ್ಳಿ. 10 ಓಮಿನ ರೋಧಕವನ್ನು ಜೋಡಿಸಿದೊಡನೆ ಅದು 1.4ಕ್ಕೆ ಇಳಿದರೆ, ಒತ್ತಡದ ಅರ್ಧಭಾಗ ಒಳಗೇ ನಷ್ಟವಾಯಿತು. ಆದುದರಿಂದ ಒಳರೋಧವೂ 10 ಓಮ್. ವೋಲ್ಟ್‌ಮೀಟರು ಬಹಳ ಅಲ್ಪ ಪ್ರವಾಹವನ್ನು ಸೆಳೆಯುವುದರಿಂದ ಈ ಒಳರೋಧ ಮೊದಲು ಅದರ ಕಣ್ಣಿಗೆ ಬೀಳಲಿಲ್ಲ. ಒಳರೋಧವನ್ನರಿಯುವ ಆತುರದಿಂದ ದೊಡ್ಡ ಬ್ಯಾಟರಿಯ ಅಥವಾ ಮನೆಯ ವಿದ್ಯುತ್ತಿನ ತುದಿಗಳನ್ನು ತಂತಿಯಿಂದ ನೇರವಾಗಿ ಕೂಡಿಸುವುದು ಮಾತ್ರ ಪ್ರಾಣಾಪಾಯಕರ.

ಈ ತತ್ತ್ವಕ್ಕೆ ಎರಡು ಎಲ್ಲೆಗಳುಂಟು. ಮೊದಲನೆಯದಾಗಿ, ಜಾಲದೊಳಗಿನ ರೋಧಕಗಳಲ್ಲಿ ಪ್ರವಾಹವು ಒತ್ತಡಕ್ಕೆ ತಕ್ಕ ಪ್ರಮಾಣದಲ್ಲಿಯೇ ಏರಿಳಿಯಬೇಕು. ಎರಡನೆಯದಾಗಿ, ಈ ಸಮಾನತೆ ಹೊರಗಿನವರಿಗೆ ಮಾತ್ರ. ನಮ್ಮ ಉದಾಹರಣೆಯ ಸರಳರೂಪದಲ್ಲಿ ತುದಿಗಳು ತೆರೆದಿರುವಾಗ ವ್ಯಯವೇ ಇಲ್ಲ. ಮೂಲಮಂಡಲದಲ್ಲಾದರೋ ಆಗಲೂ 9 ಓಮುಗಳ ಮೂಲಕ ಪ್ರವಾಹ ಹರಿದು 16 ವಾಟ್ ಶಕ್ತಿ ಶಾಖವಾಗಿ ಹೋಗುತ್ತಿರುವುದು. ಉಪಕರಣಕ್ಕೆ ಎಷ್ಟು ದೊರೆಯುವುದೆಂಬುದನ್ನು ಈ ಎರಡು ಅಂಕೆಗಳು ನಿಶ್ಚಯವಾಗಿ ಹೇಳುವುವು. ಬ್ಯಾಟರಿ ಎಷ್ಟು ಹೊತ್ತು ಬಾಳುವುದೆಂಬುದನ್ನರಿಯಬೇಕಾದವರು ಮೂಲಮಂಡಲಕ್ಕೇ ಹಿಂದಿರುಗತಕ್ಕದ್ದು.